ಹಳ್ಳ ಉತ್ತ ಕ್ಯಾಂಪ್: ತುಂಗಭದ್ರಾ ಎಡದಂಡೆಯ ಒಂದು ವಲಸೆ ಊರಿನ ಪ್ರಕರಣ

ಗಂಗಾವತಿಯಿಂದ ಸಿಂಧನೂರಿನ ಕಡೆಗೆ ಬಸ್ಸು ಹತ್ತಿದರೆ ನಿಲ್ದಾಣಗಳ ಹೆಸರುಗಳಲ್ಲೇ ಆ ಸೀಮೆಯ ಚರಿತ್ರೆ ಕೇಳಿಸುತ್ತದೆ. ಒಂದು ಹಳ್ಳಿ, ಅದರ ಬೆನ್ನಿಗೆ ಒಂದು ಕ್ಯಾಂಪ್. ಮತ್ತೊಂದು ಹಳ್ಳಿ, ಮತ್ತೊಂದು ಕ್ಯಾಂಪ್. ನಾಲ್ಕು ದಿನಕ್ಕೆಂದು ಡೇರೆ ಹೊಡೆದವರ ಪದ ಅದು. ಎರಡಂತಸ್ತಿನ ಮನೆಗಳು, ಅಕ್ಕಿ ಗಿರಣಿಗಳು, ರಾಮಮಂದಿರ ಎಲ್ಲ ಎದ್ದು ನಿಂತು ಎಪ್ಪತ್ತು ವರ್ಷವಾಗುತ್ತ ಬಂದರೂ ಆ ಹೆಸರು ಮಾತ್ರ ಕಳಚಿಲ್ಲ.

ಇಲ್ಲಿ ಹೇಳುತ್ತಿರುವುದು ಅಂಥ ಒಂದು ಕ್ಯಾಂಪಿನ ವಿಚಾರ, ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ವಲಸೆ ಬಂದ ರೈತರು ಕಟ್ಟಿಕೊಂಡ ಊರು. ಊರಿನ ಹೆಸರು, ಅದು ನೀರು ಪಡೆಯುವ ಉಪಕಾಲುವೆಯ ಸಂಖ್ಯೆ, ಮನೆತನಗಳ ಗುರುತು ಯಾವುದನ್ನೂ ಕೊಟ್ಟಿಲ್ಲ. ಕೆಲವು ಸಣ್ಣ ವಿವರಗಳನ್ನು ಗುರುತು ಹತ್ತದಂತೆ ಅತ್ತಿತ್ತ ಮಾಡಿದ್ದೇನೆ. ಮಣ್ಣು-ನೀರಿನ ಕೆಲಸದ ನೆಪದಲ್ಲಿ ಹಲವು ವರ್ಷ ಆ ಭಾಗದಲ್ಲಿ ಓಡಾಡಿದವನು ನಾನು. ಕ್ಯಾಂಪುಗಳ ಬಗ್ಗೆ ಎರಡು ಬಗೆಯ ಮಾತು ಕೇಳಿ ಕೇಳಿ ಸಾಕಾಗಿದೆ. ಬೀಳು ನೆಲವನ್ನು ಬಂಗಾರ ಮಾಡಿದ ಶೂರರು ಅವರು ಎಂಬುದು ಒಂದು. ಕೆಳಗಿನವರ ನೀರನ್ನು ನುಂಗಿದವರು ಎಂಬುದು ಇನ್ನೊಂದು. ಎರಡರಲ್ಲೂ ನಿಜವಿದೆ. ಆದರೆ ಈ ಕ್ಯಾಂಪಿನ ತಗ್ಗಿನ ಹೊಲಗಳು ಏಕೆ ಬೆಳ್ಳಗಾದವು ಎಂಬ ಪ್ರಶ್ನೆಗೆ ಎರಡರಲ್ಲೂ ಉತ್ತರವಿಲ್ಲ.

ಬಂದವರು, ಮಾರಿದವರು

1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡು ಅಡಿಗಲ್ಲು ಬಿದ್ದವು: ಎಡದಂಡೆಯಲ್ಲಿ ನಿಜಾಮರ ಹೈದರಾಬಾದಿನದು, ಬಲದಂಡೆಯಲ್ಲಿ ಮದ್ರಾಸ್ ಪ್ರಾಂತ್ಯದ್ದು. 1953ರ ಜುಲೈಯಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆಯ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದ. ಇಂದಿನ ಕೊಪ್ಪಳ, ರಾಯಚೂರು ಜಿಲ್ಲೆಗಳ ಎರೆ ಭೂಮಿಯ ನಡುವೆ ಹಾದುಹೋಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು.

ನೀರು ಬಂದರೂ ಅದನ್ನು ಬಳಸುವವರು ಮುಂದೆ ಬರಲಿಲ್ಲ. ಇಲ್ಲಿನ ರೈತನಿಗೆ ಗೊತ್ತಿದ್ದದ್ದು ಹಿಂಗಾರಿ ಜೋಳ. ಮಳೆಗಾಲದಲ್ಲಿ ನೆಲ ನೀರು ಕುಡಿದು ಊದಿಕೊಳ್ಳಬೇಕು, ಮಳೆ ಹಿಂದಾದ ಮೇಲೆ ಬಿತ್ತಬೇಕು, ನೆಲದೊಳಗಿನ ಹಸಿ ಮತ್ತು ಮುಂಜಾನೆಯ ಇಬ್ಬನಿಯಲ್ಲಿ ಬೆಳೆ ಏಳಬೇಕು. ಅಂಥ ನೆಲದ ಮೇಲೆ ಕಾಲುವೆ ನೀರು ನಿಲ್ಲಿಸುವುದೆಂದರೆ ಅವನಿಗೆ ಹೊಲ ಕೆಡಿಸಿಕೊಳ್ಳುವ ಕೆಲಸ. ಮೇಲಾಗಿ ನೆಲ ಮಟ್ಟ ಮಾಡಲು ದುಡ್ಡು ಬೇಕು, ನೀರಾವರಿಯಾದ ನೆಲಕ್ಕೆ ಸುಧಾರಣಾ ಕರದ ಭಯ ಬೇರೆ. ಹತ್ತಾರು ಕೂರಿಗೆ ನೆಲವಿದ್ದ ಸಾಹುಕಾರರು ಒಂದಿಷ್ಟು ಮಾರಲು ಸಿದ್ಧರಾಗಿದ್ದರು.

ಕೊಂಡವರು ಕೃಷ್ಣಾ, ಗೋದಾವರಿ ಮುಖಜ ಭೂಮಿಯವರು. ಅಲ್ಲಿ ಒಂದು ಎಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ನಮ್ಮ ಕ್ಯಾಂಪಿನ ಮೊದಲ ಕುಟುಂಬಗಳು ಐವತ್ತರ ದಶಕದ ಕೊನೆಯಲ್ಲಿ ಹೊಸಪೇಟೆಯವರೆಗೆ ರೈಲಿನಲ್ಲಿ, ಮುಂದೆ ಗಾಡಿಯಲ್ಲಿ ಬಂದವು. ಎಲ್ಲರೂ ಒಂದೇ ಊರಿನ ಸುತ್ತಮುತ್ತಲಿನವರು, ಒಬ್ಬರಿಗೊಬ್ಬರು ನಂಟರು. ಮೊದಲ ವರ್ಷ ಗಂಡಸರು ಮಾತ್ರ ಬಂದು ಜೋಳದ ದಂಟಿನ ಗುಡಿಸಲು ಹಾಕಿದರು. ಕಾಲುವೆ ನೀರನ್ನೇ ಕುಡಿದರು. ಚೇಳು, ಹಾವು, ಚಳಿಜ್ವರಗಳ ಕಥೆಗಳನ್ನು ಅವರ ಮಕ್ಕಳು ಇಂದಿಗೂ ಸ್ವಲ್ಪ ಉಬ್ಬಿಸಿಯೇ ಹೇಳುತ್ತಾರೆ. ಮೂಲಪುರುಷರ ಕಷ್ಟ ಪ್ರತಿ ತಲೆಮಾರಿಗೂ ಒಂದು ಗೇಣು ಬೆಳೆಯುತ್ತದೆ.

ಉಬ್ಬಿಸದೆ ಹೇಳಬಹುದಾದದ್ದು ಅವರ ಮಟ್ಟ ಮಾಡುವ ವಿದ್ಯೆ. ಸರ್ವೆ ಉಪಕರಣ ಯಾವುದೂ ಇರಲಿಲ್ಲ. ಹೊಲಕ್ಕೆ ಬದು ಕಟ್ಟಿ ನೀರು ಹಾಯಿಸುವುದು, ನೀರಿನಿಂದ ಮೇಲೆ ಉಳಿದ ದಿಬ್ಬಗಳಿಗೆ ಕಡ್ಡಿ ನೆಡುವುದು, ಇಳಿದ ಮೇಲೆ ಆ ಮಣ್ಣನ್ನು ಎತ್ತಿನ ಹಲಗೆಯಲ್ಲಿ ಎಳೆದು ತಗ್ಗಿಗೆ ತುಂಬುವುದು, ಮತ್ತೆ ನೀರು ಹಾಯಿಸಿ ನೋಡುವುದು. ನೀರೇ ಅವರ ಮಟ್ಟಗೋಲು. ಒಂದು ಹೊಲ ಪೂರ್ತಿ ಕನ್ನಡಿಯಂತಾಗಲು ಮೂರು ನಾಲ್ಕು ಬೇಸಿಗೆ ಹಿಡಿಯುತ್ತಿತ್ತಂತೆ. ಆ ಕೆಲಸದಲ್ಲಿ ಕೂಲಿಗೆ ಬಂದ ಸುತ್ತಲಿನ ಹಳ್ಳಿಗಳ ಜನರೇ ಮುಂದೆ ತಮ್ಮ ಹೊಲಗಳನ್ನೂ ಹಾಗೆಯೇ ಮಟ್ಟ ಮಾಡಿಕೊಂಡರು.

ಮೂರನೆಯ ಬೇಸಿಗೆಯ ತೀರ್ಮಾನ

ಕ್ಯಾಂಪಿನ ನೆಲದ ನಡುವೆ ಓರೆಯಾಗಿ ಒಂದು ಹಳ್ಳ ಹರಿಯುತ್ತಿತ್ತು. ಹರಿಯುತ್ತಿತ್ತು ಎನ್ನುವುದೂ ಹೆಚ್ಚೇ. ಜೋರು ಮಳೆಯಾದಾಗ ನಾಲ್ಕು ದಿನ ನೀರು, ಉಳಿದಂತೆ ಮುಳ್ಳುಕಂಟಿ. ಮೂರನೆಯ ಬೇಸಿಗೆಯಲ್ಲಿ ಕ್ಯಾಂಪಿನವರು ಒಟ್ಟಾಗಿ ಅದನ್ನು ಮುಚ್ಚಿ ಉಳುವುದೆಂದು ತೀರ್ಮಾನಿಸಿದರು. ಸಿಕ್ಕ ಮಣ್ಣೆಲ್ಲ ಅಲ್ಲಿಗೆ ತುಂಬಿದರು. ಎರಡೂ ಬದಿಯ ಹೊಲಗಳು ಕೂಡಿಕೊಂಡವು, ಬದುಗಳು ನೇರವಾದವು, ಪ್ರತಿ ಪಾಲುದಾರನಿಗೂ ಒಂದಿಷ್ಟು ನೆಲ ಹೆಚ್ಚಿಗೆ ಬಂತು.

ಇದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಅವರು ಬಂದ ಸೀಮೆಯಲ್ಲಿ 1852ರ ಧವಳೇಶ್ವರಂ ಆಣೆಕಟ್ಟು, 1855ರ ವಿಜಯವಾಡದ ಆಣೆಕಟ್ಟುಗಳ ಕಾಲದಿಂದಲೂ ನೀರಾವರಿಯಿತ್ತು. ನೀರು ತರುವ ಕಾಲುವೆಯ ಜೊತೆಗೆ ಹೆಚ್ಚಾದ ನೀರನ್ನು ಹೊರಗೆ ಒಯ್ಯುವ ಕಾಲುವೆಗೂ ಅವರ ಭಾಷೆಯಲ್ಲಿ ಹೆಸರಿದೆ: ಮುರುಗು ಕಾಲುವೆ. ಆದರೆ ಅವರು ಹುಟ್ಟುವ ಮೊದಲೇ ಅದು ಅಲ್ಲಿತ್ತು. ತೋಡಿದ ನೆನಪು ಯಾರಿಗೂ ಇರಲಿಲ್ಲ. ನೀರು ತರುವ ವಿದ್ಯೆಯನ್ನು ಕೈಯಲ್ಲಿ ಹೊತ್ತು ತಂದರು, ನೀರು ಕಳಿಸುವ ವಿದ್ಯೆ ಊರಿನ ನೆಲದಲ್ಲೇ ಉಳಿಯಿತು. ಇಲ್ಲಿ ಆ ಕೆಲಸವನ್ನು ಹಳ್ಳ ಮಾಡುತ್ತಿದೆ ಎಂದು ಅವರಿಗೆ ಕಾಣಲಿಲ್ಲ.

ಕಂಡವರು ಇದ್ದರು. ನೆಲ ಮಾರಿದ ಸಾಹುಕಾರರ ಹಳೆಯ ಆಳೊಬ್ಬರು, ಹಳ್ಳ ಮುಚ್ಚುವ ದಿನ ಗಾಡಿ ಹೊಡೆದವರು, ಬೇಡವೆಂದು ಹೇಳಿದ್ದರಂತೆ. ಅವರಿಗೆ ತೆಲುಗು ಬರುತ್ತಿರಲಿಲ್ಲ, ಇವರಿಗೆ ಕನ್ನಡ ಆಗಿನ್ನೂ ಬರುತ್ತಿರಲಿಲ್ಲ. ಕೂಲಿಯವನ ಮಾತು ಎಂಬ ತಾತ್ಸಾರವೂ ಇತ್ತೆಂದು ಆ ಕಾಲದ ಹುಡುಗರಾಗಿದ್ದ ಒಬ್ಬ ಹಿರಿಯರು ನನ್ನೆದುರು ಒಪ್ಪಿಕೊಂಡರು.

ಭತ್ತ

ಎಡದಂಡೆಯ ಯೋಜನೆ ಭತ್ತಕ್ಕಾಗಿ ಹುಟ್ಟಿದ್ದಲ್ಲ. 1876–78ರ ಭೀಕರ ಬರ ಕಂಡ ಈ ಬಯಲುಸೀಮೆಗೆ ತೆಳ್ಳಗೆ ನೀರು ಹರಡಿ ಹೆಚ್ಚು ಜನರ ಬೆಳೆ ಉಳಿಸುವುದು ಅದರ ಉದ್ದೇಶ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಮೊದಲೇ ಗೊತ್ತು ಮಾಡಿದ್ದರು. ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳು, ಭತ್ತಕ್ಕೆ ಸಣ್ಣ ಪಾಲು. ಒಂದು ಎಕರೆ ಭತ್ತದ ನೀರಿನಲ್ಲಿ ಎರಡು ಮೂರು ಎಕರೆ ಜೋಳ ಬೆಳೆಯಬಹುದು.

ಕ್ಯಾಂಪಿನವರು ಭತ್ತ ಹಾಕಿದರು. ಆರಂಭದ ವರ್ಷಗಳಲ್ಲಿ ಕಾಲುವೆಯಲ್ಲಿ ನೀರು ಮಿಕ್ಕುತ್ತಿತ್ತು, ಯಾರೂ ತಡೆಯಲಿಲ್ಲ. ಅಭ್ಯಾಸ ಹಕ್ಕಾಯಿತು. ಅರವತ್ತರ ದಶಕದ ಕೊನೆಗೆ ಐಆರ್ 8, 1986ರ ನಂತರ ಬಾಪಟ್ಲಾದ ಬಿಪಿಟಿ 5204 ಎಂಬ ಭತ್ತದ ತಳಿಗಳು ಬಂದ ಮೇಲಂತೂ ಭತ್ತ ಬಿಟ್ಟು ಬೇರೆ ಮಾತೇ ಇಲ್ಲ. ಗಂಗಾವತಿ ಭತ್ತದ ಕಣಜವಾಯಿತು. ಉಪಕಾಲುವೆಯ ಕೊನೆಯ ಹಳ್ಳಿಗಳಲ್ಲಿ ನಕ್ಷೆಯ ಪ್ರಕಾರ ನೀರಾವರಿ, ಹೊಲದಲ್ಲಿ ಮಳೆ. ಅಲ್ಲಿನ ಹೆಂಗಸರು ನಾಟಿಗೆ, ಕೊಯ್ಲಿಗೆ ಕ್ಯಾಂಪಿಗೆ ಬರುತ್ತಿದ್ದರು. ತಮ್ಮ ಹೊಲಕ್ಕೆ ತಲುಪಬೇಕಾದ ನೀರಿನಲ್ಲೇ ಮೊಣಕಾಲವರೆಗೆ ನಿಂತು ಬೇರೆಯವರ ಸಸಿ ನೆಡುವುದು ಎಂಬ ಮಾತನ್ನು ಅಂಥ ಒಬ್ಬ ತಾಯಿಯಿಂದಲೇ ಕೇಳಿದೆ. ಅವರು ಅದನ್ನು ದೂರಾಗಿ ಹೇಳಲಿಲ್ಲ, ಕೂಲಿ ದರ ಹೇಳುವಾಗ ನಡುವೆ ಬಂದ ಮಾತು ಅದು.

ಬೆಳ್ಳಗಾದ ನೆಲ

ಎಂಬತ್ತರ ದಶಕದ ನಡುವೆ ಎಲ್ಲೋ, ಬೇಸಿಗೆ ಬೆಳೆಗೆ ನೀರು ಬಾರದ ಒಂದು ವರ್ಷ, ಮುಚ್ಚಿದ ಹಳ್ಳದ ಜಾಡಿನಲ್ಲಿ ನೆಲದ ಮೇಲೆ ಬಿಳಿ ಪೊರೆ ಕಾಣಿಸಿತು. ಮೊದಲು ಬದುಗಳ ಮೇಲೆ, ಆಮೇಲೆ ಹೊಲದೊಳಗೆ. ಮುಂದಿನ ನಾಟಿಯಲ್ಲಿ ಅಲ್ಲಿ ಸಸಿಗಳ ತುದಿ ಸುಟ್ಟಂತಾಗಿ ತೇಪೆ ತೇಪೆಯಾಗಿ ಸತ್ತವು. ಸ್ಥಳೀಯರು ಇದಕ್ಕೆ ಸವಳು-ಜವಳು ಎನ್ನುತ್ತಾರೆ: ಸವಳು ಉಪ್ಪಿಗೆ, ಜವಳು ನಿಂತ ನೀರಿಗೆ. ಎರಡೂ ಜೋಡಿಯಾಗಿಯೇ ಬರುತ್ತವೆ. ಇಡೀ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇಂಥ ನೆಲ ಸುಮಾರು 96 ಸಾವಿರ ಹೆಕ್ಟೇರ್ ಎಂಬುದು ಕೃಷಿ ವಿಜ್ಞಾನಿಗಳು ಕೊಡುವ ಲೆಕ್ಕ.

ನಾನು ಆ ಜಾಡಿಗೆ ಮೊದಲ ಸಲ ಹೋದದ್ದು ಒಂದು ಮಾರ್ಚ್ ತಿಂಗಳ ಬೆಳಿಗ್ಗೆ. ಕಾಲಿಟ್ಟರೆ ಪೊರೆ ಹಪ್ಪಳದಂತೆ ಒಡೆಯುತ್ತಿತ್ತು, ಅದರಡಿ ಮಣ್ಣು ಎಣ್ಣೆ ಹಚ್ಚಿದಂತೆ ಜಾರುತ್ತಿತ್ತು. ಹೊಲದೊಡೆಯರು ಚಿಟಿಕೆ ತೆಗೆದು ನಾಲಗೆಗೆ ಇಟ್ಟುಕೊಂಡು ನನಗೂ ಕೊಟ್ಟರು. ಗುದ್ದಲಿಯಲ್ಲಿ ಮೊಣಕಾಲಾಳದ ಗುಂಡಿ ತೋಡಿಸಿ ಟೀ ಕುಡಿಯಲು ಹೋದೆವು. ಹಿಂತಿರುಗಿದಾಗ ಅದರ ತಳದಲ್ಲಿ ನೀರು ಜಿನುಗಿ ನಿಂತಿತ್ತು. ಕಾಲುವೆಯಲ್ಲಿ ಆಗ ನೀರು ಇರಲಿಲ್ಲ. ಪಕ್ಕದಲ್ಲಿ, ಉಳುವುದನ್ನು ಬಿಟ್ಟ ತುಂಡಿನಲ್ಲಿ, ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು.

ಆದದ್ದು ಇಷ್ಟು. ತುಂಗಭದ್ರೆಯ ನೀರು ಸಿಹಿಯೇ. ಉಪ್ಪು ಇದ್ದದ್ದು ನೆಲದ ಆಳದಲ್ಲಿ. ಇಪ್ಪತ್ತೈದು ವರ್ಷ ಎರಡೆರಡು ಬೆಳೆ ಭತ್ತದ ನೀರು ಇಂಗಿ, ಎರೆ ಮಣ್ಣಿನ ಕೆಳಗಿನ ಗರಸು ಮಣ್ಣಿನ ಪದರದಲ್ಲಿ ಸೇರಿ, ತಗ್ಗಿನ ಕಡೆ ಸರಿದು, ಹೊರಹೋಗುವ ದಾರಿ ಸಿಗದೆ ಮೇಲೇರಿತು. ಜೊತೆಗೆ ಉಪ್ಪನ್ನೂ ಕರಗಿಸಿ ತಂದಿತು. ಬಿಸಿಲಿಗೆ ನೀರು ಹಾರಿತು, ಉಪ್ಪು ಉಳಿಯಿತು.

ಇಲ್ಲಿ ಒಂದು ವಿಚಿತ್ರ ಸಿಕ್ಕು ಇದೆ, ಹೊರಗಿನಿಂದ ಬಂದ ಸಲಹೆಗಾರರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಉಪ್ಪು ತಾಳುವುದರಲ್ಲಿ ಹತ್ತಿ, ಜೋಳಗಳು ಭತ್ತಕ್ಕಿಂತ ಗಟ್ಟಿ. ಹಾಗಾದರೆ ಭತ್ತ ಬಿಟ್ಟು ಹತ್ತಿ ಹಾಕಿ ಎನ್ನುವುದು ಸಹಜ ಸಲಹೆ. ಆದರೆ ಹತ್ತಿಯ ಬೇರು ಜವಳಿನಲ್ಲಿ ಕೊಳೆಯುತ್ತದೆ. ಭತ್ತದಲ್ಲಾದರೆ ನಿಂತ ನೀರು ಉಪ್ಪನ್ನು ಬೇರಿನ ಕೆಳಗೆ ಒತ್ತಿ ಹಿಡಿದಿರುತ್ತದೆ. ನೀರು ಕೊಡುವುದನ್ನು ಬಿಟ್ಟ ದಿನ ಆ ಉಪ್ಪು ಮೇಲೆ ಬರುತ್ತದೆ. ಭತ್ತದಿಂದ ಕೆಟ್ಟ ನೆಲದಲ್ಲಿ ಭತ್ತ ಬಿಟ್ಟು ಬೇರೇನೂ ಬೆಳೆಯಲಾಗದ ಸ್ಥಿತಿ. ಕಾನೂನು ಮೀರಿ ಬೆಳೆಯುತ್ತಿದ್ದಾರೆಂದು ಇವರನ್ನು ಬಯ್ಯುವಾಗ, ನಿಲ್ಲಿಸಿದರೆ ಏನಾಗುತ್ತದೆಂದು ಇವರು ಒಮ್ಮೆ ಕಣ್ಣಾರೆ ಕಂಡವರು ಎಂಬುದನ್ನು ಮರೆಯಬಾರದು.

ಮಾಡಿ ನೋಡಿದ್ದು

ಮೊದಲ ಉಪಾಯ ಇನ್ನಷ್ಟು ನೀರು. ನಾಟಿಗೆ ಮೊದಲು ಎರಡು ಮೂರು ಸಲ ನೀರು ತುಂಬಿ ತೆರವು ಮಾಡಿದರು. ಎರಡು ವರ್ಷ ಫಲ ಕಂಡಿತು. ಮೂರನೆಯ ವರ್ಷ ಕೆಳಗಿನ ಹೊಲದವನು ಬದುವಿನ ಮೇಲೆ ದೊಣ್ಣೆ ಹಿಡಿದು ನಿಂತ. ತೊಳೆದ ಉಪ್ಪೆಲ್ಲ ಅವನ ಹೊಲಕ್ಕೆ ಇಳಿದಿತ್ತು. ಅವನು ನೀರು ಬಿಟ್ಟವರೊಬ್ಬರ ತಂಗಿಯ ಗಂಡ.

ಆಮೇಲೆ ಜಿಪ್ಸಂ. ಯಾರೋ ಹೇಳಿದರೆಂದು ಲಾರಿಗಟ್ಟಲೆ ತಂದು ಹರಡಿದರು. ಮಣ್ಣು ಪರೀಕ್ಷೆ ಮಾಡಿಸಿದ್ದು ಖರ್ಚಾದ ಮೇಲೆ. ಸೋಡಿಯಂ ಅಂಟಿಕೊಂಡ ಕ್ಷಾರ ಮಣ್ಣಿಗೆ ಜಿಪ್ಸಂ ಮದ್ದು ಹೌದು, ಆದರೆ ಬಿಡಿಸಿದ ಸೋಡಿಯಂ ಹೊರಗೆ ಹರಿದುಹೋಗಲು ದಾರಿ ಬೇಕು. ಇವರದು ಬಹುಪಾಲು ಬರಿಯ ಉಪ್ಪಿನ ಸಮಸ್ಯೆ, ದಾರಿಯಂತೂ ಇರಲೇ ಇಲ್ಲ. ಡಯಂಚ ಬಿತ್ತಿ ಹಸಿರೆಲೆ ಗೊಬ್ಬರವಾಗಿ ಉತ್ತದ್ದು ಸ್ವಲ್ಪ ಮೇಲು, ಕನಿಷ್ಠ ನಷ್ಟವಾಗಲಿಲ್ಲ.

ಕೆಲವರು ತಗ್ಗಿನ ನೆಲವನ್ನು ಲೀಸಿಗೆ ಕೊಟ್ಟು ಕೈತೊಳೆದುಕೊಂಡರು. ಲೀಸಿಗೆ ಹಿಡಿದವರು ಕೊನೆಭಾಗದ ಹಳ್ಳಿಯವರು, ನೆಲ ಚೆನ್ನಾಗಿದ್ದಾಗ ಅಲ್ಲಿ ಕೂಲಿ ಮಾಡಿದವರು. ಪ್ರಕರಣದಲ್ಲಿ ನನಗೆ ಅತ್ಯಂತ ಕಹಿ ಅನ್ನಿಸಿದ ಘಟ್ಟ ಇದು. ಉಪ್ಪಿನ ನಷ್ಟವನ್ನು ಕೂಡ ಇಳಿಜಾರಿನಲ್ಲಿ ಹರಿಯಬಿಟ್ಟರು.

ಹಳ್ಳ ಮತ್ತೆ ತೆರೆಯಬೇಕು ಎಂಬ ಮಾತು ಎದ್ದದ್ದು ಇದೆಲ್ಲ ಆದ ಮೇಲೆ. ಮೊದಲ ಸಭೆ ರಾಮಮಂದಿರದ ಕಟ್ಟೆಯ ಮೇಲೆ ನಡೆದು ಅರ್ಧ ಗಂಟೆಯಲ್ಲಿ ಮುರಿಯಿತು. ಮೇಲಿನ ಹೊಲದವರಿಗೆ ಸವಳಿನ ಬಾಧೆಯಿಲ್ಲ. ಅವರೇಕೆ ನೆಲ ಬಿಡಬೇಕು? ಕೆಳಗಿನವರಿಗೆ ಬಾಧೆ ಇದೆ, ಆದರೆ ಇರುವ ಅಲ್ಪಸ್ವಲ್ಪ ಒಳ್ಳೆಯ ನೆಲವನ್ನೂ ಹಳ್ಳಕ್ಕೆ ಕೊಟ್ಟರೆ ಉಳಿಯುವುದೇನು? ಹಳ್ಳ ಎಲ್ಲಿತ್ತು ಎಂಬುದರ ಬಗ್ಗೆಯೇ ನಾಲ್ಕು ಅಭಿಪ್ರಾಯ. ಮುಚ್ಚಿದವರಲ್ಲಿ ಬದುಕಿದ್ದವರು ಇಬ್ಬರು, ಇಬ್ಬರೂ ಬೇರೆ ಬೇರೆ ಕಡೆ ಕೈ ತೋರಿಸಿದರು.

ನಕ್ಷೆ ಮತ್ತು ಬಸಿನೀರು

ಗಂಟು ಬಿಚ್ಚಿದ್ದು ಎರಡು ಸಂಗತಿಗಳಿಂದ. ಒಂದು, ಗ್ರಾಮ ನಕ್ಷೆ. ಯುವಕನೊಬ್ಬ ಬೇರೆ ಯಾವುದೋ ಪೋಡಿ (ಜಮೀನು ಅಳೆದು ಪಾಲು ಮಾಡುವ) ಕೆಲಸಕ್ಕೆ ತೆಗೆಸಿದ ನಕ್ಷೆಯಲ್ಲಿ ಹಳ್ಳ ಎರಡು ಗೆರೆಗಳ ನಡುವೆ ಹಾಗೆಯೇ ಮಲಗಿತ್ತು. ಅದು ಖರಾಬು ನೆಲ. ಯಾರ ಪಹಣಿಯಲ್ಲೂ ಇಲ್ಲ. ಮೂವತ್ತು ವರ್ಷ ಉತ್ತದ್ದು ಸರಕಾರದ ನೆಲ ಎಂದು ಗೊತ್ತಾದ ಕೂಡಲೇ ವಾದದ ಸ್ವರ ಇಳಿಯಿತು. ‘ಬಿಟ್ಟುಕೊಡು’ ಎನ್ನುವುದಕ್ಕೂ ‘ಹಿಂತಿರುಗಿಸು’ ಎನ್ನುವುದಕ್ಕೂ ಎಷ್ಟು ವ್ಯತ್ಯಾಸ!

ಎರಡನೆಯದು ಹೆಚ್ಚು ಮುಖ್ಯ, ಯಾರೂ ನಿರೀಕ್ಷಿಸದ ಕಡೆಯಿಂದ ಬಂತು. ಕೊನೆಭಾಗದ ಹಳ್ಳಿಯವರಿಗೆ ಸುದ್ದಿ ತಲುಪಿ ಅವರ ಕಡೆಯ ಐದಾರು ಮಂದಿ ಕ್ಯಾಂಪಿಗೆ ಬಂದರು. ಜಗಳಕ್ಕೆ ಬಂದಿದ್ದಾರೆಂದು ಎಲ್ಲರೂ ಅಂದುಕೊಂಡರು. ಅವರು ಕೇಳಿದ್ದು: ಹಳ್ಳ ತೆರೆದರೆ ಬಸಿನೀರು ನಮ್ಮ ಗಡಿಗೆ ಬರುತ್ತದೆ, ಅಲ್ಲಿ ಪಂಪು ಇಟ್ಟು ಎತ್ತಿಕೊಳ್ಳುತ್ತೇವೆ, ನೀವು ಅಡ್ಡ ಬರಬಾರದು. ಕಾಲುವೆಯಲ್ಲಿ ಬಾರದ ಪಾಲನ್ನು ಹಳ್ಳದಲ್ಲಿ ಪಡೆಯುವ ಲೆಕ್ಕ. ಬದಲಿಗೆ ತಮ್ಮ ಗಡಿಯಲ್ಲಿ ಜಾಲಿ ಕಡಿದು ಹಳ್ಳದ ಬಾಯಿ ಬಿಡಿಸಿಕೊಡುವುದಾಗಿ ಒಪ್ಪಿದರು. ಆ ಬಾಯಿ ಮುಚ್ಚಿದ್ದರೆ ಮೇಲೆ ಎಷ್ಟು ತೋಡಿದರೂ ವ್ಯರ್ಥವೇ.

ಬಸಿನೀರಿನಲ್ಲಿ ಉಪ್ಪಿರುವುದಿಲ್ಲವೇ ಎಂದು ನಾನು ಆ ಸಭೆಯಲ್ಲಿ ಕೇಳಿದೆ. ಮಳೆಗಾಲದಲ್ಲಿ ತಿಳಿಯಾಗಿರುತ್ತದೆ, ಬೇಸಿಗೆಯಲ್ಲಿ ಮುಟ್ಟುವುದಿಲ್ಲ ಎಂದರು. ಆಮೇಲೆ ನೀರು ಪರೀಕ್ಷಿಸಿದಾಗ ಅವರ ಮಾತು ಹೆಚ್ಚುಕಡಿಮೆ ಸರಿಯಾಗಿತ್ತು.

ಹಳ್ಳ ತೆರೆಯಿತು. ಪೂರ್ತಿ ಹಳೆಯ ಜಾಡಿನಲ್ಲಲ್ಲ. ಒಂದು ಕಡೆ ಮನೆಯೊಂದು ಎದ್ದಿತ್ತು, ಅದನ್ನು ಸುತ್ತಿಸಿ ಇಬ್ಬರ ನಡುವೆ ನೆಲ ಅದಲು ಬದಲು ಮಾಡಿಸಬೇಕಾಯಿತು. ಎರಡು ವರ್ಷಗಳಲ್ಲಿ ಹಳ್ಳದ ಅಕ್ಕಪಕ್ಕದ ಹೊಲಗಳು ಚೇತರಿಸಿಕೊಂಡವು. ದೂರದವು ಚೇತರಿಸಲಿಲ್ಲ. ಎರೆ ಮಣ್ಣಿನಲ್ಲಿ ನೀರು ಅಡ್ಡಡ್ಡ ಸರಿಯುವುದು ಬಲು ನಿಧಾನ. ಅಷ್ಟು ದೂರದಿಂದ ಒಂದು ಹಳ್ಳ ಎಳೆದುಕೊಳ್ಳಲಾರದು.

ಕೊಳವೆಯ ಬಾಯಿಗೆ ಬಟ್ಟೆ

ಆ ಹೊಲಗಳಿಗಾಗಿ ಮುಂದೆ ಒಂದು ಯೋಜನೆಯಲ್ಲಿ ನೆಲದಡಿ ಬಸಿಗಾಲುವೆ ಬಂತು. ತೂತುಗಳಿರುವ ಪಿವಿಸಿ ಕೊಳವೆಗಳನ್ನು ಸುಮಾರು ಒಂದು ಮೀಟರ್ ಆಳದಲ್ಲಿ ಹೂತು, ಮಣ್ಣು ನುಗ್ಗದಂತೆ ಸೋಸುಬಟ್ಟೆ ಸುತ್ತಿ, ತುದಿಯನ್ನು ಹಳ್ಳಕ್ಕೆ ಬಿಡುವ ಏರ್ಪಾಡು. ಹಳ್ಳ ತೆರೆಯದಿದ್ದರೆ ಈ ಕೊಳವೆಗಳನ್ನು ಬಿಡಲು ಜಾಗವೇ ಇರುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ಮೊದಲ ಮುಂಗಾರಿನಲ್ಲೇ ಯೋಜನೆ ಸೋತಂತೆ ಕಂಡಿತು. ತಪಾಸಣೆಗೆ ಬಂದ ಎಂಜಿನಿಯರ್ ಕೊಳವೆಗಳ ಬಾಯಿಯಲ್ಲಿ ಹಳೆಯ ಸೀರೆ, ಯೂರಿಯಾ ಚೀಲ ತುರುಕಿದ್ದನ್ನು ಕಂಡು ಕೆಂಡವಾದರು. ಲಕ್ಷಾಂತರ ಖರ್ಚು ಮಾಡಿ ಹಾಕಿದ್ದನ್ನು ಜನ ಹಾಳು ಮಾಡಿದರು ಎಂದು ವರದಿ ಬರೆಯುವ ಹಂತಕ್ಕೆ ಬಂತು. ನನಗೂ ಮೊದಲು ಹಾಗೆಯೇ ಅನ್ನಿಸಿತು.

ತುರುಕಿದವರನ್ನೇ ಕೂರಿಸಿ ಕೇಳಿದಾಗ ಸಿಕ್ಕ ಉತ್ತರ ಬೇರೆ. ನಾಟಿಯಾದ ಹೊಸತರಲ್ಲಿ ಕೊಳವೆ ತೆರೆದಿದ್ದರೆ ಹಾಕಿದ ಗೊಬ್ಬರವೂ ನೀರೂ ಸೋರಿಹೋಗುತ್ತವೆ. ಕಾಲುವೆ ನೀರಿಗೆ ಆನ್-ಆಫ್ ಸರದಿ (ಕೆಲವು ದಿನ ಬಿಡುವುದು, ಕೆಲವು ದಿನ ಕಟ್ಟುವುದು) ಬಂದಮೇಲೆ ಮುಂದಿನ ಸರದಿಯವರೆಗೆ ನೀರು ನಿಲ್ಲಬೇಕು. ಮುಚ್ಚುವುದು ತಪ್ಪಲ್ಲ, ತೆರೆಯಬೇಕಾದಾಗ ತೆರೆಯದಿರುವುದು ತಪ್ಪು. ಎಂಜಿನಿಯರ್ ಹಟಮಾರಿಯಲ್ಲ, ಅದು ಅವರ ದೊಡ್ಡ ಗುಣ. ಬಟ್ಟೆಯ ಬದಲು ಮರದ ಬಿರಡೆ ಮಾಡಿಸಿ, ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ನೀರು ಬಳಕೆದಾರರ ಸಂಘದಲ್ಲಿ ಗೊತ್ತು ಮಾಡಿಸಿದರು. ನಾಟಿಯಿಂದ ತೆನೆ ಹಾಲುಗಟ್ಟುವವರೆಗೆ ಸಂಘದ ಅನುಮತಿಯಲ್ಲಿ ಮುಚ್ಚಬಹುದು, ಕೊಯ್ಲಿಗೆ ಮೊದಲು ತೆರೆಯಲೇಬೇಕು.

ಇದು ಎಲ್ಲ ಕಡೆ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಾಲಿನ ಕೊಳವೆಗಳು ಹೂಳು ತುಂಬಿ ಸತ್ತವು. ಸ್ವಚ್ಛ ಮಾಡುವ ಹೊಣೆ ಯಾರದೆಂದು ಯೋಜನೆಯ ಕಾಗದದಲ್ಲಿ ಇರಲಿಲ್ಲ, ಕ್ಯಾಂಪಿನವರೂ ಕೇಳಲಿಲ್ಲ. ಹಳ್ಳದಲ್ಲಿ ಎರಡು ವರ್ಷಕ್ಕೊಮ್ಮೆ ಜೊಂಡು ಆಳೆತ್ತರ ಬೆಳೆದು ನೀರನ್ನು ಹಿಂದಕ್ಕೆ ಒತ್ತುತ್ತದೆ. ಅದನ್ನು ಕೀಳಿಸುವುದು ಕೊನೆಭಾಗದವರ ಪಂಪು ನಿಂತುಹೋದಾಗ ಮಾತ್ರ. ನಿರ್ವಹಣೆ ಎಂಬುದು ಈ ಪ್ರಕರಣದಲ್ಲಿ ನೆಲದೊಡೆಯರಿಂದ ನಡೆಯಲಿಲ್ಲ, ಆ ಬಸಿನೀರಿನಿಂದ ಹೊಟ್ಟೆ ಹೊರೆಯುವ ಇನ್ನೊಂದು ಊರಿನಿಂದ ನಡೆಯಿತು. ಬಸಿಗಾಲುವೆ ಯೋಜನೆ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ಕೊಳವೆಯ ಆಳ, ಅಂತರದ್ದಲ್ಲ. ಹೊರಬಂದ ನೀರು ಯಾರಿಗೆ ಬೇಕು ಎಂಬುದು ಎಂದು ನನಗೆ ಈಗಲೂ ಅನ್ನಿಸುವುದು ಇದಕ್ಕೇ.

ಮುಂದಿನ ಒತ್ತಡ ಮೇಲಿನಿಂದ ಬರುತ್ತಿದೆ. 133 ಟಿಎಂಸಿ ಅಡಿಗೆ ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿಗೆ ಜಾಗವಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕ್ಯಾಂಪಿನಲ್ಲಿ ಯಾರೂ ಮಲಗಲಿಲ್ಲ. ಬೇಸಿಗೆ ಬೆಳೆ ತಪ್ಪಿದ ವರ್ಷ ತಗ್ಗಿನಲ್ಲಿ ಏನು ಮೇಲೇಳುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು.

ಕಳೆದ ಸಲ ಹೋದಾಗ ಕೊಯ್ಲು ಹತ್ತಿರ ಬಂದಿತ್ತು. ಸಂಘದ ಕಾರ್ಯದರ್ಶಿ, ಹಳ್ಳ ಮುಚ್ಚಿದವರೊಬ್ಬರ ಮೊಮ್ಮಗ, ಬದುವಿನ ಮೇಲೆ ನಡೆಯುತ್ತ ಬಿರಡೆಗಳನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಒಂದು ಕೊಳವೆಯ ಬಾಯಲ್ಲಿ ಬಿರಡೆಯ ಬದಲು ಮತ್ತೆ ಹಳೆಯ ಸೀರೆಯ ತುಂಡು ಸಿಕ್ಕಿತು. ಯಾರದೆಂದು ನಾನು ಕೇಳಿದೆ. ಅವನು ಅಂಚು ನೋಡಿ ನಕ್ಕು, ‘ನಮ್ಮ ಅಮ್ಮನದೇ’ ಎಂದ. ಸೀರೆ ಎಳೆದ ಕೂಡಲೇ ಕಂದು ಬಣ್ಣದ ನೀರು ಗಳಗಳ ಸದ್ದು ಮಾಡುತ್ತ ಹಳ್ಳಕ್ಕೆ ಇಳಿಯಿತು. ಕೆಳಗೆ ಎಲ್ಲೋ ಪಂಪು ಶುರುವಾದ ಸದ್ದು ಕೇಳಿಸಿತು.